ಕಬ್ಬಿನ ಹೊಲದ ಮೂರು ಮರಿ: ಎರಡು ತಾಯಿಯ ಜೊತೆ, ಒಂದು ಪಂಜರದಲ್ಲಿ

ಕಲಘಟಗಿ ತಾಲೂಕಿನ ಒಂದು ಊರು, ಜನವರಿ ತಿಂಗಳು, ಕಬ್ಬು ಕಟಾವಿನ ಭರಾಟೆ. ಹೊಲದಲ್ಲಿ ಮೂರು ಚಿರತೆ ಮರಿ ಸಿಕ್ಕವು. ಎರಡು ಮರಿ ಮಾರನೇ ದಿನ ಬೆಳಗಾಗುವಷ್ಟರಲ್ಲಿ ತಾಯಿಯ ಜೊತೆ ಹೋದವು. ಮೂರನೆಯದು ಈಗ ಮೃಗಾಲಯದಲ್ಲಿದೆ, ಅದರ ಆಯಸ್ಸು ಪೂರ್ತಿ ಅಲ್ಲೇ ಕಳೆಯುತ್ತದೆ. ಮೂರೂ ಒಂದೇ ಸೂಲಿನವು, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕಣ್ಣಿಗೆ ಬಿದ್ದವು. ಹಾಗಿದ್ದೂ ಹೀಗ್ಯಾಕೆ ಆಯಿತು ಅನ್ನುವುದನ್ನು ಬಿಡಿಸಿ ಬರೆಯೋಣ ಅನ್ನಿಸಿತು. ಕಬ್ಬು ಬೆಳೆಯುವ ಕಡೆ ಮರಿ ಸಿಗುವುದು ಹೊಸದೇನಲ್ಲ. ಸಿಕ್ಕಾಗೆಲ್ಲ ಅನಾಥ ಮರಿಗಳ ರಕ್ಷಣೆ ಅಂತ ಸುದ್ದಿಯಾಗುತ್ತದೆ. ಆದರೆ ಎಷ್ಟೋ ಸಲ ತಾಯಿ ಸತ್ತಿರುವುದೇ ಇಲ್ಲ. ಬೇಟೆಗೆ ಹೋಗಿರುತ್ತಾಳೆ, ಇಲ್ಲವೇ ನಾಲ್ಕು ಸಾಲಿನಾಚೆ ಕೂತು ನಮ್ಮನ್ನೇ ನೋಡುತ್ತಿರುತ್ತಾಳೆ. ನಾವು ಎತ್ತಿಕೊಂಡು ಹೋದ ಮೇಲೆ ಮರಿ ಅನಾಥ ಆಗುವುದು.

ನಾನು ಧಾರವಾಡದವನು. ಅರಣ್ಯ ಇಲಾಖೆಯವರ ಜೊತೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನಾಗೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟುವ ಕೆಲಸಕ್ಕೆ ಆಗಾಗ ಹೋಗುತ್ತಿರುತ್ತೇನೆ, ಸಂಬಳ ಗಿಂಬಳ ಇಲ್ಲ. ಅವತ್ತು ಕರೆ ಬಂದಿದ್ದೂ ಅದಕ್ಕೇ. ಊರಿನ ಹೆಸರು, ಜನರ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಆ ಚಿರತೆ ಇನ್ನೂ ಅಲ್ಲೇ ಎಲ್ಲೋ ಓಡಾಡಿಕೊಂಡಿರಬಹುದು, ಅದನ್ನು ನೋಡಲು ಜೀಪು ತುಂಬಿಕೊಂಡು ಜನ ಹೋಗುವುದು ಬೇಡ.

ಸಿಕ್ಕಿದ್ದು ಹೇಗೆ

ಹೊಲದ ಯಜಮಾನರನ್ನು ಊರವರೆಲ್ಲ ಗೌಡ್ರು ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಹೊಲದ ಒಂದು ಬದಿಗೆ ಹಳ್ಳ, ಹಳ್ಳದಾಚೆ ಕುರುಚಲು ಕಾಡು. ಫ್ಯಾಕ್ಟರಿಯಿಂದ ಕಟಾವಿನ ಪರ್ಮಿಟ್ ಬಂದಿತ್ತು, ಗ್ಯಾಂಗ್ ಇಳಿದಿತ್ತು. ಕಡಿಯುವವರು ಗದಗ ಕಡೆಯ ತಾಂಡಾದವರು, ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಅರ್ಧ ಹೊಲ ಮುಗಿದಿತ್ತು. ನಡುವಿನ ಕಬ್ಬು ಗಾಳಿಮಳೆಗೆ ಮಲಗಿಬಿಟ್ಟಿತ್ತು. ಮಲಗಿದ ಕಬ್ಬನ್ನು ಕಡಿಯುವುದು ಕಷ್ಟ, ಹಾಗಾಗಿ ಅದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಚಿರತೆಗೂ ಬೇಕಾದದ್ದು ಅಂಥದ್ದೇ ಜಾಗ. ಕೆಳಗೆ ರವದಿ, ಅಂದರೆ ಒಣಗಿದ ಕಬ್ಬಿನ ಗರಿ, ಮೆತ್ತಗೆ ಹಾಸಿರುತ್ತದೆ, ಮೇಲೆ ಗರಿ ಮುಚ್ಚಿರುತ್ತದೆ, ಒಳಗೆ ಬಿಸಿಲು ಬೀಳುವುದಿಲ್ಲ, ನಾಯಿ ನುಗ್ಗುವುದಿಲ್ಲ, ಕುಡಿಯಲು ಪಕ್ಕದಲ್ಲೇ ನೀರು.

ಗೌಡ್ರು ಹಿಂದಿನ ವಾರ ಆ ಮಲಗಿದ ಭಾಗಕ್ಕೆ ಬೆಂಕಿ ಕೊಟ್ಟು ಕಡಿಸೋಣ ಅಂದಿದ್ದರಂತೆ. ಸುಟ್ಟರೆ ರವದಿ ಹೋಗುತ್ತದೆ, ಕಡಿಯುವವರಿಗೆ ಸಲೀಸು. ಸುಟ್ಟ ಕಬ್ಬಿಗೆ ಫ್ಯಾಕ್ಟರಿಯವರು ದರ ಮುರಿದುಕೊಳ್ಳುತ್ತಾರೆ ಅಂತ ಮಗ ತಕರಾರು ತೆಗೆದ, ಅಷ್ಟಕ್ಕೆ ನಿಂತಿತು. ಮರಿಗಳು ಬದುಕಿದ್ದು ಮೊದಲು ಆ ತಕರಾರಿನಿಂದ, ಯಾರ ಕರುಣೆಯಿಂದಲೂ ಅಲ್ಲ.

ಬೆಳಗ್ಗೆ ಹತ್ತರ ಸುಮಾರಿಗೆ ಗ್ಯಾಂಗಿನ ಒಬ್ಬ ಹೆಣ್ಣುಮಗಳು ರವದಿ ಸರಿಸಿದಾಗ ಕುಡಗೋಲಿನ ತುದಿಯಿಂದ ಗೇಣುದ್ದ ದೂರದಲ್ಲಿ ಮೂರು ಮರಿ. ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಆಕೆ ಕೂಗಿದ ಮಾತನ್ನು ಗ್ಯಾಂಗಿನ ಮುಖಂಡ, ಅಂದರೆ ಮುಕಾದಮ, ನನಗೆ ಹೇಳಿದ್ದು: “ಬೆಕ್ಕಲ್ಲ ಇದು, ಬ್ಯಾರೆ ಐತಿ. ಯಾರೂ ಮುಟ್ಟಬ್ಯಾಡ್ರಿ, ಇದರ ಅವ್ವ ಇಲ್ಲೇ ಎಲ್ಲೋ ಇರ್ತೈತಿ.” ಇಡೀ ಪ್ರಕರಣದಲ್ಲಿ ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಆಡಿದ್ದು ಆಕೆ ಒಬ್ಬಳೇ ಅಂತ ನನ್ನ ಲೆಕ್ಕ. ಮುಕಾದಮ ತಕ್ಷಣ ಕೆಲಸ ನಿಲ್ಲಿಸಿದ, ಗೌಡ್ರಿಗೆ ಫೋನ್ ಹಚ್ಚಿದ, ಗೌಡ್ರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹಚ್ಚಿದರು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ನಡೆದಿತ್ತು.

ಅಷ್ಟರಲ್ಲಿ ಊರಿನ ಹುಡುಗರು ಬೈಕಿನಲ್ಲಿ ಬಂದರು. ಫೋಟೊ, ವಿಡಿಯೊ, ಸೆಲ್ಫಿ. ಒಬ್ಬ ಒಂದು ಮರಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಊರೊಳಗೆ ಹೋಗೇಬಿಟ್ಟ, ಅಜ್ಜಿಗೆ ತೋರಿಸಿ ತರ್ತೀನಿ ಅಂತ. ಕೆಟ್ಟ ಹುಡುಗ ಏನಲ್ಲ. ಆಮೇಲೆ ಮರಿಗೆ ಹುಷಾರಿಲ್ಲ ಅಂತ ಗೊತ್ತಾದಾಗ ಆಸ್ಪತ್ರೆಯ ಬಾಗಿಲಲ್ಲಿ ಊಟ ಬಿಟ್ಟು ಕೂತವನೂ ಅವನೇ.

ಅವನು ಹಾಕಿದ್ದ ಸ್ಟೇಟಸ್ಸು “ನಮ್ಮೂರಿಗೂ ಬಂತು ಚೀತಾ”. ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ಚೀತಾ ತಂದ ಸುದ್ದಿ ನೋಡಿ ನೋಡಿ ಈಗ ಚುಕ್ಕೆ ಇದ್ದಿದ್ದೆಲ್ಲ ಚೀತಾನೇ ಆಗಿದೆ ಜನಕ್ಕೆ. ಚೀತಾ ಮರಿಗೆ ಕುತ್ತಿಗೆಯಿಂದ ಬೆನ್ನುದ್ದಕ್ಕೂ ಬೂದು ಬಣ್ಣದ ಉದ್ದ ಕೂದಲು ಇರುತ್ತದೆ, ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಪ್ಪು ಗೆರೆ ಇಳಿದಿರುತ್ತದೆ. ಇವಕ್ಕೆ ಎರಡೂ ಇರಲಿಲ್ಲ. ಮೈತುಂಬ ಒತ್ತೊತ್ತಾಗಿ ಕಪ್ಪು ಮಚ್ಚೆ, ನೀಲಿ ಕಣ್ಣು, ಆಗಷ್ಟೇ ಮೂಡುತ್ತಿದ್ದ ಹಲ್ಲು, ವಯಸ್ಸು ಹೆಚ್ಚೂಕಡಿಮೆ ಒಂದು ತಿಂಗಳು. ಚಿರತೆ. ನಮ್ಮ ದೇಶದ ಕೊನೆಯ ಚೀತಾಗಳನ್ನು ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ 1947ರಲ್ಲಿ ಹೊಡೆದ ಅಂತ ಹೇಳುತ್ತಾರೆ, 1952ರಲ್ಲಿ ಸರಕಾರವೇ ಈ ಪ್ರಾಣಿ ಇನ್ನಿಲ್ಲ ಅಂತ ಘೋಷಿಸಿತು. ಈಗ ಮಧ್ಯಪ್ರದೇಶದಲ್ಲಿ ಇರುವುದು 2022ರಿಂದ ಈಚೆಗೆ ಆಫ್ರಿಕಾದಿಂದ ತಂದವು ಮತ್ತು ಅವುಗಳ ಮರಿಗಳು. ಕಲಘಟಗಿಗೆ ಅವು ಬರುವ ಮಾತೇ ಇಲ್ಲ.

ಒಂದು ಬಟ್ಟಲು ಹಾಲು

ಮನೆಗೆ ಹೋದ ಮರಿಗೆ ಏನಾಯಿತು ನೋಡಿ. ಮರಿ ಒದರುತ್ತಿತ್ತು. ಹಸಿದಿದೆ ಪಾಪ ಅಂತ ಅಜ್ಜಿ ಆಕಳ ಹಾಲು ಬೆಚ್ಚಗೆ ಮಾಡಿ, ಒಂಚೂರು ಸಕ್ಕರೆಯನ್ನೂ ಹಾಕಿ, ಅರಳೆ ಅದ್ದಿ ಅದ್ದಿ ಕುಡಿಸಿದರು. ಮರಿ ಚೆನ್ನಾಗೇ ಕುಡಿಯಿತು. ಮೂರು ಗಂಟೆ ಹೊತ್ತಿಗೆ ಭೇದಿ ಶುರುವಾಯಿತು, ಸಂಜೆಗೆ ತಲೆ ಎತ್ತುತ್ತಿರಲಿಲ್ಲ.

ಆಕಳ ಹಾಲು ಕರುವಿಗೆ ಸರಿ. ಬೆಕ್ಕಿನ ಜಾತಿಯ ತಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಬಹಳ ಜಾಸ್ತಿ, ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಕಡಿಮೆ. ಆಕಳ ಹಾಲಿನ ಲ್ಯಾಕ್ಟೋಸ್ ಮರಿಯ ಕರುಳಿನಲ್ಲಿ ಅರಗುವುದಿಲ್ಲ, ಭೇದಿಯಾಗುತ್ತದೆ. ಒಂದೂವರೆ ಕಿಲೋ ಕೂಡ ತೂಗದ ಮರಿಗೆ ಅರ್ಧ ದಿನದ ಭೇದಿ ಅಂದರೆ ಮೈಯಲ್ಲಿದ್ದ ನೀರೆಲ್ಲ ಹೋದಂತೆ. ಇನ್ನೊಂದು ಅಪಾಯ, ಮನುಷ್ಯರ ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸುವುದು. ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ. ಮರಿಯನ್ನು ಹೊಟ್ಟೆ ಕೆಳಗಾಗಿ ಇಟ್ಟೇ ಕುಡಿಸಬೇಕು, ಅದೂ ಬೆಕ್ಕಿನ ಮರಿಗೆಂದು ಬರುವ ಪುಡಿ ಹಾಲನ್ನು. ಕುಡಿಸಿದ ಮೇಲೆ ಒದ್ದೆ ಅರಳೆಯಿಂದ ಹಿಂಭಾಗ ಒರೆಸಬೇಕು, ಇಲ್ಲದಿದ್ದರೆ ಎಳೆ ಮರಿ ತಾನಾಗಿ ಹೊಟ್ಟೆ ಖಾಲಿ ಮಾಡುವುದಿಲ್ಲ, ತಾಯಿ ನೆಕ್ಕಿ ನೆಕ್ಕಿ ಮಾಡಿಸುವ ಕೆಲಸ ಅದು. ಇದನ್ನೆಲ್ಲ ಮನೆಯಲ್ಲಿ ಮಾಡಿ ಅಂತ ಬರೆಯುತ್ತಿಲ್ಲ, ಇಷ್ಟಿದೆ ಅಂತ ಗೊತ್ತಿರಲಿ. ಚಿರತೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ, ಮರಿಯನ್ನು ಮನೆಯಲ್ಲಿ ಇಟ್ಟುಕೊಂಡರೆ 3ರಿಂದ 7 ವರ್ಷದವರೆಗೆ ಜೈಲು ಆಗಬಹುದು.

ಪಶುವೈದ್ಯೆ ಬಂದವರೇ ಮೊದಲು ಕೇಳಿದ್ದು “ಮನ್ಯಾಗ ಬೆಕ್ಕು ಐತೇನು?” ಅಂತ. ಇತ್ತು, ಒಲೆ ಪಕ್ಕದಲ್ಲೇ ಮಲಗಿತ್ತು. ಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯ ಅನ್ನುವ ವೈರಸ್ ರೋಗ ಚಿರತೆ ಮರಿಗಳಿಗೂ ಬರುತ್ತದೆ, ಬಂದರೆ ಉಳಿಯುವುದು ಕಷ್ಟ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿ ಸತ್ತಿದ್ದು ಇದರಿಂದಲೇ, ಅದೂ ಲಸಿಕೆ ಹಾಕಿಸಿದ್ದ ಮರಿಗಳು. ಹಾಗಾಗಿ ಮನೆಗೆ ಹೋಗಿಬಂದ ಮರಿಯನ್ನು ಉಳಿದೆರಡರ ಜೊತೆ ಸೇರಿಸಲು ಅವರು ಒಪ್ಪಲೇ ಇಲ್ಲ. ಸಲೈನ್ ಹಚ್ಚಬೇಕು, ಬೆಚ್ಚಗಿಡಬೇಕು, ರಾತ್ರಿ ಹೊರಗಿನ ಚಳಿಗೆ ಇಟ್ಟರೆ ಬೆಳಗಿನತನಕ ಬದುಕುವುದಿಲ್ಲ ಅಂದರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಮರಿಯ ಮುಂದಿನ ದಾರಿಯೂ ಅಲ್ಲೇ ನಿರ್ಧಾರವಾಯಿತು.

“ಬೋನು ಇಡ್ರಿ”

ಮಧ್ಯಾಹ್ನದ ಹೊತ್ತಿಗೆ ಹೊಲದ ದಾರಿ ತುಂಬ ಬೈಕು. ಪಕ್ಕದೂರಿನವರೂ ಬಂದಿದ್ದರು. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಸಾಹೇಬರ ಸುತ್ತ ಒಂದೇ ಗದ್ದಲ: ಬೋನು ಇಡ್ರಿ, ತಾಯಿನ ಹಿಡೀರಿ, ಮರಿ ಸಮೇತ ಎಲ್ಲಿಗಾದರೂ ಒಯ್ದು ಬಿಡ್ರಿ. ಹೆದರಿಕೆ ಸುಳ್ಳಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಂಡು ಶಾಲೆಗಳಿಗೆ ರಜೆ ಕೊಟ್ಟಿದ್ದು, ಅದೇ ದಿನಗಳಲ್ಲಿ ಧಾರವಾಡದ ಹತ್ತಿರ ಕವಲಗೇರಿಯಲ್ಲಿ ಚಿರತೆ ಬೋನಿಗೆ ಬಿದ್ದಿದ್ದು ಎಲ್ಲರಿಗೂ ನೆನಪಿತ್ತು. “ಅಲ್ಲಿ ಹಿಡದ್ರಿ, ಇಲ್ಲ್ಯಾಕ ಹಿಡಿಯೂದಿಲ್ಲ? ನಾವು ಹಳ್ಳ್ಯಾವ್ರು ಅಂತನೇನ್ರಿ?” ಅಂತ ಒಬ್ಬ ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಇದಕ್ಕೆ ಉತ್ತರ ಪುಣೆ ಜಿಲ್ಲೆಯ ಜುನ್ನರ್ ಕಡೆಯಿಂದ ಸಿಗುತ್ತದೆ. ಅದೂ ಕಬ್ಬಿನ ನಾಡು. 2001ರ ನಂತರ ಅಲ್ಲಿ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಡೆ ಬಿಡಲು ಶುರು ಮಾಡಿದರು. ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ದಾಳಿ ಆಮೇಲೆ ಹದಿನೇಳಕ್ಕೆ ಏರಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಅದೇ ವಿದ್ಯಾ ಅತ್ರೇಯ ಅವರ ತಂಡ ಆಮೇಲೆ ಮಹಾರಾಷ್ಟ್ರದ್ದೇ ಅಕೋಲೆ ಎಂಬಲ್ಲಿ ನೋಡಿದ್ದು ಇನ್ನೂ ಸ್ವಾರಸ್ಯ: ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನ ಇರುವ ಹೊಲಮನೆಗಳ ನಡುವೆ, ನೂರು ಚದರ ಕಿಲೋಮೀಟರಿಗೆ ಐದರ ಹತ್ತಿರ ದೊಡ್ಡ ಚಿರತೆಗಳು ಇದ್ದವು. ಜಾಗ ಗೊತ್ತಿರುವ ಚಿರತೆ ಜನರನ್ನು ತಪ್ಪಿಸಿಕೊಂಡು ಓಡಾಡುತ್ತದೆ. ಗೊತ್ತಿಲ್ಲದ ಊರಿಗೆ ಒಯ್ದು ಬಿಟ್ಟರೆ ಅದು ದಿಕ್ಕು ಕಾಣದೆ ಅಲೆಯುತ್ತದೆ, ತನ್ನ ಜಾಗಕ್ಕೆ ವಾಪಸ್ ಹೊರಡುತ್ತದೆ, ದಾರಿಯಲ್ಲಿ ಯಾರಿಗಾದರೂ ಎದುರಾಗುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲೇ 1,879 ಚಿರತೆ ಇವೆ. ಎಲ್ಲವನ್ನೂ ಎಲ್ಲಿಗೆ ಒಯ್ಯುತ್ತೀರಿ?

ಇಷ್ಟೆಲ್ಲ ಅಂಕಿಸಂಖ್ಯೆ ಹೊಲದ ಬದುವಿನಲ್ಲಿ ನಡೆಯುವುದಿಲ್ಲ ಬಿಡಿ. ಜನ ತಣ್ಣಗಾಗಿದ್ದು ಫಾರೆಸ್ಟ್ ಗಾರ್ಡ್ ಆಡಿದ ಒಂದು ಮಾತಿಗೆ. “ಮರಿ ಒಯ್ದ್ರ ಅದು ಮರಿ ಹುಡುಕ್ಕೋಂತ ಇಲ್ಲೇ ತಿರಗತೈತ್ರಿ, ಹಗಲೂ ರಾತ್ರಿ. ಮರಿ ಕೊಟ್ರ ಇವತ್ತ ರಾತ್ರಿನ ಊರ ಬಿಡತೈತಿ. ಯಾವ್ದು ಬೇಕ್ರಿ ನಿಮಗ?” ಮರಿ ಕಳೆದುಕೊಂಡ ತಾಯಿ ಕೂಗುತ್ತಾ ಅದೇ ಜಾಗ ಸುತ್ತುವುದು, ಜಾಗ ಬಯಲಾದ ಮೇಲೆ ಮರಿ ಸಿಕ್ಕರೆ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುವುದು, ಎರಡೂ ಚಿರತೆಯ ಸ್ವಭಾವವೇ.

ಗದ್ದಲ ನಿಂತ ಮೇಲೆ ಉಳಿದದ್ದು ಗೌಡ್ರ ಪ್ರಶ್ನೆ. ಕಡಿದು ಹಾಕಿದ್ದ ಕಬ್ಬು ನೆಲದ ಮೇಲಿತ್ತು. ಕಡಿದ ಕಬ್ಬು ಒಂದು ದಿನ ಬಿಸಿಲಿಗೆ ಬಿದ್ದರೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಟ್ರ್ಯಾಕ್ಟರ್ ಕಾಯುತ್ತಿತ್ತು. ಪರ್ಮಿಟ್ಟಿನ ದಿನ ಮುಗಿದರೆ ಮತ್ತೆ ಸರದಿ ಯಾವಾಗಲೋ. ಕೊನೆಗೆ ಕಡಿದಿದ್ದನ್ನು ಮಾತ್ರ ಹೇರಿಕೊಂಡು ಹೋಗುವುದು, ಮಲಗಿದ ಕಬ್ಬಿನ ಭಾಗವನ್ನೂ ಅಲ್ಲಿಂದ ಹಳ್ಳದವರೆಗಿನ ಪಟ್ಟಿಯನ್ನೂ ಮುಟ್ಟದೆ ಬಿಡುವುದು ಅಂತಾಯಿತು. ಆ ಪಟ್ಟಿ ಬೇಕೇ ಬೇಕು. ತಾಯಿ ಹಳ್ಳದ ಕಡೆಯಿಂದ ಬರುತ್ತಾಳೆ, ಮುಚ್ಚಿದ ದಾರಿ ಇಲ್ಲದಿದ್ದರೆ ಬಯಲಿಗೆ ಕಾಲಿಡುವುದಿಲ್ಲ. ಗುಡಿಸಲಿನವರೆಲ್ಲ ಆ ರಾತ್ರಿ ಊರಿನ ಶಾಲೆಯ ಪಡಸಾಲೆಗೆ ಹೋದರು.

ಕ್ರೇಟು, ಕ್ಯಾಮೆರಾ, ರಾತ್ರಿ

ಮಾಡಿದ್ದು ಜುನ್ನರ್‌ನವರ ವಿಧಾನವೇ. ಅಲ್ಲಿನ ಅರಣ್ಯ ಇಲಾಖೆ ಮತ್ತು ಮಾಣಿಕ್‌ಡೋಹ್ ಚಿರತೆ ಕೇಂದ್ರದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ವರ್ಷಗಳಿಂದ ಹೀಗೆ ಮರಿಗಳನ್ನು ತಾಯಿಗೆ ಸೇರಿಸುತ್ತಾ ಬಂದಿದ್ದಾರೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ತೊಳೆದು, ಅದೇ ಹೊಲದ ರವದಿ ಹಾಸಿ, ಮರಿ ಸಿಕ್ಕ ಜಾಗದಲ್ಲೇ, ಗೇಣು ಆಚೀಚೆ ಆಗದಂತೆ ಇಟ್ಟೆವು. ಗೋಡೆ ಎತ್ತರ ಎಷ್ಟಿರಬೇಕೆಂದರೆ ಮರಿ ಹತ್ತಿ ಹೊರಗೆ ಬೀಳಬಾರದು, ತಾಯಿ ಬಗ್ಗಿದರೆ ಬಾಯಿ ಸಿಗಬೇಕು. ಪಶುವೈದ್ಯೆ ಎರಡು ಮರಿಗಳ ಮೈ ನೋಡಿ, ಅಂಟಿದ್ದ ಉಣ್ಣಿ ಹುಳ ತೆಗೆದು, ತೂಕ ಬರೆದುಕೊಂಡರು. ಹಾಲು ಕೊಡಲಿಲ್ಲ. ಚಿರತೆ ತಾಯಿ ಬೇಟೆಗೆ ಹೋದರೆ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬರದೇ ಇರುವುದೂ ಉಂಟು, ಮರಿಗಳು ಅಷ್ಟು ತಡೆಯುತ್ತವೆ. ಹೊಟ್ಟೆ ಹಸಿದಿದ್ದರೆ ಕೂಗುತ್ತವೆ, ಕೂಗಿದರೆ ತಾಯಿಗೆ ಕೇಳುತ್ತದೆ.

ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತಾಳೆ ಅಂತ ಅವತ್ತು ಕಡಿಮೆ ಅಂದರೂ ಹತ್ತು ಜನ ಹೇಳಿದರು. ಇದು ಎಲ್ಲ ಕಡೆ ಇರುವ ನಂಬಿಕೆ. ಕೈಯಲ್ಲಿ ಹಿಡಿದು, ತೂಗಿ, ಸೂಜಿ ಚುಚ್ಚಿದ ಮರಿಗಳನ್ನೂ ಜುನ್ನರ್‌ನ ತಾಯಂದಿರು ಕರೆದುಕೊಂಡು ಹೋಗಿದ್ದಾರೆ. ತಾಯಿ ಬರದೇ ಇರುವುದಕ್ಕೆ ಕಾರಣ ವಾಸನೆ ಅಲ್ಲ. ಸುತ್ತ ನಿಂತ ಜನ, ಟಾರ್ಚು, ಬೈಕಿನ ಸದ್ದು. ಕತ್ತಲಾಗುವ ಮೊದಲೇ ಎಲ್ಲರನ್ನೂ ಕಳಿಸಿದ್ದು ಅದಕ್ಕೇ. ಇಬ್ಬರು ಪೊಲೀಸರು ಊರಿನ ದಾರಿಯಲ್ಲಿ ನಿಂತರು, ನಾವು ದೂರದ ಜೀಪಿನಲ್ಲಿ ಬೀಡಿ ಕೂಡ ಸೇದದೆ ಕೂತೆವು. ಜನವರಿಯ ಚಳಿಗೆ ಜೀಪಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ.

ಆ ರಾತ್ರಿ ನಮಗೇನೂ ಕಾಣಲಿಲ್ಲ. ಎಲ್ಲ ಗೊತ್ತಾಗಿದ್ದು ಬೆಳಗ್ಗೆ, ಕ್ಯಾಮೆರಾದ ಕಾರ್ಡು ತೆಗೆದ ಮೇಲೆ. ಒಂಬತ್ತೂವರೆ ಸುಮಾರಿಗೆ ತಾಯಿ ಬಂದಿದ್ದಾಳೆ. ಕ್ರೇಟಿನ ಹತ್ತಿರ ತಕ್ಷಣ ಹೋಗಲಿಲ್ಲ. ಕಬ್ಬಿನ ಅಂಚಿನಲ್ಲಿ ಕೂತು, ಎದ್ದು, ಒಂದು ಸುತ್ತು ಹಾಕಿ ಮತ್ತೆ ಕೂತಿದ್ದಾಳೆ. ಹತ್ತು ಕಳೆದ ಮೇಲೆ ಕ್ರೇಟಿನೊಳಗೆ ತಲೆ ಹಾಕಿ ಒಂದು ಮರಿಯ ಕತ್ತು ಕಚ್ಚಿ ಎತ್ತಿಕೊಂಡು ಹಳ್ಳದ ಕಡೆ ಹೋಗಿದ್ದಾಳೆ. ಮುಕ್ಕಾಲು ಗಂಟೆ ಬಿಟ್ಟು ಬಂದು ಎರಡನೆಯದನ್ನು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ಹನ್ನೆರಡೂವರೆಗೆ ಮತ್ತೆ ಬಂದಿದ್ದಾಳೆ. ಖಾಲಿ ಕ್ರೇಟಿನಲ್ಲಿ ಮೂತಿ ಇಟ್ಟು, ರವದಿಯನ್ನು ಮುಂಗಾಲಿನಿಂದ ಕೆದರಿ ಕೆದರಿ ಹೊರಗೆ ಹಾಕಿದ್ದಾಳೆ. ಕ್ರೇಟು ಮಗುಚಿಬಿತ್ತು. ಅದರ ಕೆಳಗೂ ಮೂಸಿದ್ದಾಳೆ. ನಾಲ್ಕು ಗಂಟೆಗೆ ಇನ್ನೊಮ್ಮೆ ಬಂದು ಅದೇ ಜಾಗದ ಸುತ್ತ ಓಡಾಡಿದ್ದಾಳೆ. ಚಿರತೆಗೆ ಎಣಿಕೆ ಬರುತ್ತದೋ ಇಲ್ಲವೋ, ಅದನ್ನು ತಿಳಿದವರು ಹೇಳಲಿ. ಮೂರನೆಯ ಮರಿಯನ್ನು ಹುಡುಕಿಕೊಂಡು ಬಂದಿದ್ದು ಮಾತ್ರ ಕಣ್ಣೆದುರಿಗಿತ್ತು. ಆ ಹೊತ್ತಿಗೆ ಮರಿ ಕಿಲೋಮೀಟರುಗಟ್ಟಲೆ ದೂರದಲ್ಲಿ, ಕೋಣೆಯೊಳಗೆ ಬಲ್ಬಿನ ಶಾಖದಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿತ್ತು.

ಮೂರನೆಯದು

ಎರಡನೇ ದಿನಕ್ಕೆ ಭೇದಿ ನಿಂತಿತು, ಮೂರನೇ ದಿನಕ್ಕೆ ಮರಿ ಕಣ್ಣು ಬಿಟ್ಟು ಫುಸ್ಸೆನ್ನಲು ಶುರು ಮಾಡಿತು. ಅದು ಒಳ್ಳೆಯ ಲಕ್ಷಣ. ಸಂಜೆ ಬಿಸಿನೀರಿನ ಬಾಟಲಿಯನ್ನು ಗೋಣಿಯಲ್ಲಿ ಸುತ್ತಿ ಕ್ರೇಟಿನ ಮೂಲೆಗಿಟ್ಟು, ಮರಿಯನ್ನು ಅದೇ ಜಾಗದಲ್ಲಿ ಇಟ್ಟರು. ಮರಿ ರಾತ್ರಿಯಿಡೀ ಕೂಗಿತು. ತಾಯಿ ಬರಲಿಲ್ಲ. ಮಾರನೇ ರಾತ್ರಿ ಹಳ್ಳದ ಇನ್ನೊಂದು ದಡಕ್ಕೆ, ಹೆಜ್ಜೆ ಗುರುತು ಕಂಡ ಕಡೆಗೆ ಒಯ್ದು ಇಟ್ಟರು. ಅಲ್ಲಿಗೂ ಬರಲಿಲ್ಲ. ಎರಡು ಮರಿಗಳನ್ನು ಇಟ್ಟುಕೊಂಡ ತಾಯಿ ಹೊಸ ಜಾಗ ಹುಡುಕಿಕೊಂಡು ಎಷ್ಟು ದೂರ ಹೋಗಿದ್ದಾಳೋ, ಕೂಗು ಕೇಳುವಷ್ಟು ಹತ್ತಿರ ಇರಲಿಲ್ಲ ಅಂತ ಕಾಣುತ್ತದೆ. ಪ್ರತಿ ರಾತ್ರಿಯೂ ಮರಿ ತೂಕ ಕಳೆದುಕೊಳ್ಳುತ್ತಿತ್ತು, ಹಗಲು ಹಾಕಿದ್ದು ರಾತ್ರಿಗೆ ಹೋಗುತ್ತಿತ್ತು. ಇನ್ನು ಸಾಕು ಅಂತ ಪಶುವೈದ್ಯೆ ಹೇಳಿದರು, ಸಾಹೇಬರು ಒಪ್ಪಿದರು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ರಾತ್ರಿ ಆ ಮರಿ ಕ್ರೇಟಿನಲ್ಲಿ ಇದ್ದಿದ್ದರೆ ಮೂರೂ ಹೋಗುತ್ತಿದ್ದವು. ಕ್ರೇಟಿನಲ್ಲಿ ಇರಲಿಲ್ಲ ಯಾಕೆಂದರೆ ಹುಷಾರಿರಲಿಲ್ಲ. ಹುಷಾರಿರಲಿಲ್ಲ ಯಾಕೆಂದರೆ ಹಾಲು ಕುಡಿಸಿದ್ದರು. ಬೈಕಿನಲ್ಲಿ ಹೋಗಿ ಬಂದ ಆ ಮಧ್ಯಾಹ್ನದ ಬೆಲೆ ಒಂದು ಚಿರತೆಯ ಹನ್ನೆರಡು ಹದಿನೈದು ವರ್ಷದ ಜೀವನ.

ಮರಿ ಮೃಗಾಲಯಕ್ಕೆ ಹೋಯಿತು. ಯಾವುದು ಅಂತ ಬರೆಯುವುದಿಲ್ಲ. ನಮ್ಮ ಕಡೆ ಹತ್ತಿರದ್ದು ಗದಗಿನ ಬಿಂಕದಕಟ್ಟಿ, ಇನ್ನೊಂದು ಹಂಪಿ ಹತ್ತಿರದ ಕಮಲಾಪುರ. ಇಂಥ ಮರಿಗಳು ಬಂದಾಗೆಲ್ಲ ಜಾಗದ್ದೇ ತಲೆನೋವು, ಒಂದು ಚಿರತೆಗೆ ಬೋನು ಅಂದರೆ ಹತ್ತು ವರ್ಷ ಮೀರಿ ಅದರ ಊಟ, ಔಷಧಿ, ನೋಡಿಕೊಳ್ಳುವವರು. ದೊಡ್ಡದಾದ ಮೇಲೆ ಕಾಡಿಗೆ ಬಿಡಬಹುದಲ್ಲಾ ಅಂತ ಎಲ್ಲರೂ ಕೇಳುತ್ತಾರೆ. ಚಿರತೆ ಮರಿ ತಾಯಿಯ ಜೊತೆ ಒಂದು, ಒಂದೂವರೆ ವರ್ಷ ಇರುತ್ತದೆ. ಬೇಟೆ ಕಲಿಯುವುದು ಆಗ, ಮನುಷ್ಯರಿಂದ ದೂರ ಇರುವುದನ್ನು ಕಲಿಯುವುದೂ ಆಗಲೇ. ಬಾಟಲಿ ಹಿಡಿದವನ ಕೈ ನೋಡಿ ಬೆಳೆದ ಚಿರತೆ ಊಟ ಅಂದರೆ ಮನುಷ್ಯರ ಹತ್ತಿರ ಬರುತ್ತದೆ. ನಮ್ಮಂಥ ಹೊಲಮನೆಗಳ ನಡುವೆ ಅದನ್ನು ಬಿಡುವ ಧೈರ್ಯ ಯಾವ ಅಧಿಕಾರಿಗೂ ಬರುವುದಿಲ್ಲ, ಬರಲೂಬಾರದು.

ಚೀತಾದವರು ಇದನ್ನು ಹೇಗೆ ಮಾಡುತ್ತಾರೆ

ಆ ಹುಡುಗನ ಸ್ಟೇಟಸ್ಸಿನಿಂದಾಗಿ ಚೀತಾ ವಿಷಯ ತಲೆಯಲ್ಲಿ ಉಳಿದುಕೊಂಡಿತು. ಅನಾಥ ಚೀತಾ ಮರಿಗಳ ವಿಚಾರದಲ್ಲಿ ಬಹಳ ಅನುಭವ ಇರುವುದು ನಮೀಬಿಯಾದ ಚೀತಾ ಕನ್ಸರ್ವೇಶನ್ ಫಂಡ್‌ನವರಿಗೆ, 1990ರಲ್ಲಿ ಲಾರಿ ಮಾರ್ಕರ್ ಶುರು ಮಾಡಿದ್ದು. ಅಲ್ಲಿ ಮರಿಗಳು ನಿಜವಾಗಿಯೂ ಅನಾಥವೇ. ಕುರಿ, ದನ ತಿಂತದೆ ಅಂತ ರೈತ ತಾಯಿಯನ್ನು ಗುಂಡಿಟ್ಟು ಕೊಂದಿರುತ್ತಾನೆ. ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡ್ ಕಡೆ ಇನ್ನೊಂದು ಕಥೆ, ಕೊಲ್ಲಿ ದೇಶಗಳ ಶ್ರೀಮಂತರಿಗೆ ಸಾಕಲು ಮಾರುವುದಕ್ಕಾಗಿ ಕದ್ದ ಮರಿಗಳನ್ನು ಸರಕಾರ ಹಿಡಿದು ಇದೇ ಸಂಸ್ಥೆಗೆ ಒಪ್ಪಿಸುತ್ತದೆ. ಹೀಗೆ ಮನುಷ್ಯರ ಕೈಗೆ ಸಿಕ್ಕಿ ಬರೀ ಮಾಂಸ ತಿಂದ ಮರಿಗಳಿಗೆ ಕ್ಯಾಲ್ಸಿಯಂ ಸಾಲದೆ ಮೂಳೆ ಸೊಟ್ಟಗಾಗಿ ಮುರಿಯುತ್ತವೆ. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಕಾಡಿನಲ್ಲಿ ಮೂಳೆ, ಚರ್ಮ, ಕರುಳು ಎಲ್ಲ ಸೇರಿ ಲೆಕ್ಕ ಸರಿಹೋಗುತ್ತದೆ.

ಮಾರ್ಕರ್ 1977ರಲ್ಲೇ ಅಮೆರಿಕದಲ್ಲಿ ಕೈಯಾರೆ ಸಾಕಿದ ಖಯಾಮ್ ಎಂಬ ಚೀತಾವನ್ನು ನಮೀಬಿಯಾಕ್ಕೆ ಕರೆದೊಯ್ದು, ಸಾಕಿದ ಪ್ರಾಣಿಗೆ ಬೇಟೆ ಕಲಿಸಬಹುದಾ ಅಂತ ನೋಡಿದ್ದರು. ಬೇಟೆ ಕಲಿಯಿತು. ಆದರೂ ಇವ‍ತ್ತು ಅವರು ಎಲ್ಲ ಮರಿಗಳನ್ನೂ ಬಿಡುವುದಿಲ್ಲ. ತಾಯಿಯ ಜೊತೆ ಒಂದಷ್ಟು ತಿಂಗಳು ಕಳೆದು, ಬೇಟೆ ನೋಡಿದ ಮರಿಗಳನ್ನು ಜೊತೆಯವುಗಳೊಂದಿಗೆ ದೊಡ್ಡ ಬೇಲಿಯೊಳಗೆ, ಜನರ ಸಂಪರ್ಕ ಆದಷ್ಟು ಕಡಿಮೆ ಇಟ್ಟು ಬೆಳೆಸುತ್ತಾರೆ, ಎಲ್ಲಿದೆ ಅಂತ ತಿಳಿಸುವ ಕಾಲರ್ ಕುತ್ತಿಗೆಗೆ ಹಾಕಿ ಬಿಡುತ್ತಾರೆ, ಬೇಟೆ ಕೈಗೆ ಹತ್ತುವವರೆಗೂ ಹಿಂದೆ ಓಡಾಡಿ ಬೇಕಾದಾಗ ಮಾಂಸ ಹಾಕುತ್ತಾರೆ. ತೀರಾ ಎಳೆಯ ವಯಸ್ಸಿನಲ್ಲಿ ಬಂದವು ಅಲ್ಲೇ ಉಳಿಯುತ್ತವೆ. ಇನ್ನೊಂದು ಅನುಕೂಲವೂ ಅವರಿಗಿದೆ: ಚೀತಾ ಜನರನ್ನು ಕಂಡರೆ ಓಡುವ ಪ್ರಾಣಿ, ಬಯಲಿನಲ್ಲಿ ಹಗಲು ಬೇಟೆಯಾಡುತ್ತದೆ, ಹಿಂಬಾಲಿಸಿ ನೋಡಬಹುದು. ಚಿರತೆಯನ್ನು ಕಬ್ಬಿನ ಹೊಲದಲ್ಲಿ ಹಿಂಬಾಲಿಸಿ ನೋಡಿ ಮತ್ತೆ!

ಕುನೋದಲ್ಲಿ ಆದದ್ದು ನಮ್ಮ ಮೂರನೇ ಮರಿಗೆ ಇನ್ನೂ ಹತ್ತಿರ. 2023ರ ಮಾರ್ಚ್‌ನಲ್ಲಿ ಜ್ವಾಲಾ ಎಂಬ ಚೀತಾ ನಾಲ್ಕು ಮರಿ ಹಾಕಿತು. ಮೇ ತಿಂಗಳ ಬಿಸಿಲಿಗೆ ಮೂರು ಸತ್ತವು. ಉಳಿದ ಒಂದನ್ನು ಸಿಬ್ಬಂದಿಯೇ ಸಾಕಿದರು. ಚೇತರಿಸಿಕೊಂಡ ಮೇಲೆ ತಾಯಿಯ ಹತ್ತಿರ ಬಿಟ್ಟು ನೋಡಿದರೆ ಜ್ವಾಲಾ ಹತ್ತಿರ ಸೇರಿಸಲಿಲ್ಲ. ಆ ಮರಿಯೇ ಮುಖಿ. 2025ರ ನವೆಂಬರ್‌ನಲ್ಲಿ ಮುಖಿ ಐದು ಮರಿ ಹಾಕಿತು. ಖುಷಿಯ ಸುದ್ದಿಯೇ. ಆದರೆ ಆ ಒಂದು ಮರಿಯ ಹಿಂದೆ ಒಂದು ರಾಷ್ಟ್ರೀಯ ಉದ್ಯಾನ, ಪಶುವೈದ್ಯರ ತಂಡ, ಇಡೀ ದೇಶದ ಕಣ್ಣು ಇತ್ತು. ನಮ್ಮ ಹೊಲಗಳಲ್ಲಿ ಸಿಗುವ ಚಿರತೆ ಮರಿಗೆ ಅದರ ನೂರರಲ್ಲಿ ಒಂದು ಪಾಲೂ ಸಿಗುವುದಿಲ್ಲ. ಸಿಗುವುದು ತಾಯಿ ಮಾತ್ರ, ಅದೂ ಬಿಟ್ಟಿಯಾಗಿ, ಅದೂ ಅದೇ ರಾತ್ರಿ.

ಕೂಲಿ ಲೆಕ್ಕ

ಪ್ರಕರಣದಲ್ಲಿ ಇನ್ನೊಂದು ಉಳಿದಿದೆ, ಅದನ್ನು ಯಾರೂ ಬರೆಯುವುದಿಲ್ಲ. ಗ್ಯಾಂಗಿನವರಿಗೆ ಕೂಲಿ ಟನ್ನಿನ ಲೆಕ್ಕ. ಕಡಿದರೆ ದುಡ್ಡು, ಕಡಿಯದಿದ್ದರೆ ಇಲ್ಲ. ಮರಿಗಾಗಿ ನಿಂತ ದಿನಗಳಲ್ಲಿ ಅವರಿಗೆ ಒಂದು ಪೈಸೆ ಹುಟ್ಟಲಿಲ್ಲ. ಮುಂಗಡ ತೆಗೆದುಕೊಂಡು ಬಂದವರು ಅವರು, ತೀರಿಸಬೇಕಾದ ಸಾಲದ ದಿನಗಳು ಅವು. ಗೌಡ್ರು ಅಕ್ಕಿ, ಬೇಳೆ ಕೊಟ್ಟರು. ಸಾಹೇಬರು ತಮ್ಮ ಜೇಬಿನಿಂದ ಒಂದಿಷ್ಟು ಕೊಟ್ಟರು. ಮಿಕ್ಕಿದ್ದು ಯಾರ ಲೆಕ್ಕಕ್ಕೂ ಸೇರಲಿಲ್ಲ. ಚಿರತೆ ಕುರಿ ಹಿಡಿದರೆ ಪರಿಹಾರಕ್ಕೆ ಅರ್ಜಿ ಇದೆ, ದನ ಹಿಡಿದರೂ ಇದೆ. ಚಿರತೆಗಾಗಿ ಕುಡಗೋಲು ಕೆಳಗಿಟ್ಟವರು ಹಾಕುವ ಅರ್ಜಿ ಯಾವುದು ಅಂತ ಕೇಳಿದ್ದಕ್ಕೆ ಆಫೀಸಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗ್ಯಾಂಗ್ ಹೊರಡುವ ದಿನ ಮುಕಾದಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: “ಅಣ್ಣಾರ, ಮುಂದಿನ ಸಲ ಸಿಕ್ರ ಹೇಳಬೇಕೋ ಬ್ಯಾಡೋ? ಹೇಳಿದ್ರ ಹೊಟ್ಟಿಗೆ ಕಲ್ಲು, ಹೇಳದಿದ್ರ ಕೇಸು.” ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲಾಖೆಗೆ ಒಂದು ಮನವಿ ಬರೆದು ಕೊಟ್ಟಿದ್ದೇನೆ, ಗೌಡ್ರು ಮತ್ತು ಊರಿನ ಇನ್ನೂ ಕೆಲವರು ಸಹಿ ಹಾಕಿದ್ದಾರೆ: ಕಟಾವು ನಿಂತ ದಿನದ ಕೂಲಿಯನ್ನು ಅದೇ ದಿನ, ಅಲ್ಲೇ ಹೊಲದಲ್ಲೇ ಮುಕಾದಮನ ಕೈಗೆ ಕೊಡಬೇಕು, ಫ್ಯಾಕ್ಟರಿಯವರು ಪರ್ಮಿಟ್ಟಿನ ದಿನ ಮುಂದಕ್ಕೆ ಹಾಕಿಕೊಡಬೇಕು. ಒಂದು ಮರಿಯನ್ನು ಮೃಗಾಲಯದಲ್ಲಿ ಒಂದು ವರ್ಷ ಸಾಕುವ ಖರ್ಚಿನ ಮುಂದೆ ಈ ದುಡ್ಡು ಏನೇನೂ ಅಲ್ಲ. ಮನವಿ ಇನ್ನೂ ಮೇಜಿನ ಮೇಲಿದೆ. ಮುಂದಿನ ಹಂಗಾಮು ಬರುವ ಮೊದಲು ನಿಮ್ಮ ತಾಲೂಕಿನಲ್ಲೂ ಇಂಥದ್ದೊಂದು ಕೊಡಿ. ಕಾಗದದ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ.